ತಂಬಿಗೆಯಲ್ಲಿ ಬಂದ ಉಬ್ಬರ

ನಾನು ಒಂದು ಮೀನು. ಆದರೆ ನೀರಿನಲ್ಲಿ ಮುಳುಗಿಸಿಟ್ಟರೆ ಸಾಯುವ ಮೀನು. ಇದನ್ನು ಕೇಳಿ ನೀವು ನಗುತ್ತೀರಿ, ಗೊತ್ತು. ನನ್ನ ಯಜಮಾನರೂ ನಕ್ಕಿದ್ದರು. ಆ ನಗೆಯಲ್ಲಿ ನನ್ನ ಪ್ರಾಣ ಹೋಗುವುದೊಂದು ಬಾಕಿ ಇತ್ತು. ಓದಿದವರು ನಮ್ಮ ದೊಡ್ಡ ಕುಲವನ್ನು ಗೋಬಿ ಎನ್ನುತ್ತಾರೆ. ಹೂಕೋಸಿಗೂ ನಮಗೂ ಯಾವ ನೆಂಟಸ್ತಿಕೆಯೂ ಇಲ್ಲ. ಆ ಕುಲದಲ್ಲಿ ನಾವು ಕೆಸರಿನ ಮೇಲೆ ಕುಪ್ಪಳಿಸುವ ಪಂಗಡದವರು. ನೆತ್ತಿಯ ಮೇಲೆ ಕಪ್ಪೆಯಂಥ ಕಣ್ಣು, ಊರಿಕೊಂಡು ನಡೆಯಲು ಎರಡು ರೆಕ್ಕೆ, ಸಿಟ್ಟು ಬಂದರೆ ಬೆನ್ನ ಮೇಲೆ ಸೆಟೆದು ನಿಲ್ಲುವ ಹಾಯಿ. ಒಂದು ಕಡೆ ಸುಮ್ಮನೆ ಕೂರುವುದು ನಮ್ಮ ಜಾಯಮಾನದಲ್ಲೇ ಇಲ್ಲ.

ನಾನು ಹುಟ್ಟಿದ್ದು ಕುಮಟಾ ಕಡೆ, ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವಿನ ಕೆಸರಿನಲ್ಲಿ. ನನ್ನ ಅಪ್ಪ ಬಿಲ ತೋಡಿ, ಅದರ ತುದಿಯಲ್ಲೊಂದು ಕೋಣೆ ಮಾಡಿ, ಮೇಲಿನಿಂದ ಬಾಯಿ ತುಂಬ ಗಾಳಿ ಹೊತ್ತು ತಂದು ಆ ಕೋಣೆಯಲ್ಲಿ ತುಂಬಿಸಿದ್ದ. ಅವ್ವ ಅದರ ಸೂರಿಗೆ ನಮ್ಮನ್ನು ಮೊಟ್ಟೆಗಳಾಗಿ ಅಂಟಿಸಿದಳು. ಮೊಟ್ಟೆಯೊಳಗಿಂದ ಇದನ್ನೆಲ್ಲ ನೋಡಿದೆ ಎಂದರೆ ನೀವು ನಂಬಬೇಡಿ. ಮುಂದೆ ಬೇರೆ ಗಂಡುಗಳು ಮಾಡುವುದನ್ನು ನೋಡಿ ತಿಳಿದುಕೊಂಡೆ. ದೊಡ್ಡ ಉಬ್ಬರದ ದಿನ ನೀರು ಒಳಗೆ ನುಗ್ಗಿದಾಗ ಮೊಟ್ಟೆ ಒಡೆದು ಹೊರಬಿದ್ದೆವು. ಅಂದಿನಿಂದ ಆ ನೀರಿನ ಹೊತ್ತು ನನ್ನ ಮೈಯೊಳಗೇ ಕೂತಿದೆ. ದಿನಕ್ಕೆ ಎರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ. ಇವತ್ತು ಬಂದ ಹೊತ್ತಿಗೆ ನಾಳೆ ಬರುವುದಿಲ್ಲ, ಮುಕ್ಕಾಲು ಗಂಟೆ ತಡ. ಅಮಾವಾಸ್ಯೆ, ಹುಣ್ಣಿಮೆಗೆ ಬೇರುಗಳೆಲ್ಲ ಮುಳುಗುವಷ್ಟು ಬರುತ್ತದೆ. ನೀರು ಇಳಿದಾಗ ನಾವು ಕೆಸರಿನ ಮೇಲೆ ಓಡಾಡಿ ಹುಳು, ಮರಿ ಏಡಿ ಹಿಡಿದು ತಿನ್ನುತ್ತೇವೆ. ಏರಿದಾಗ ಬೇರು ಹತ್ತಿ ಕೂರುತ್ತೇವೆ. ಬದುಕೆಂದರೆ ನನಗೆ ಇಷ್ಟೇ ಆಗಿತ್ತು.

ನಾನು ಸಿಕ್ಕಿಬಿದ್ದದ್ದು ನನ್ನದೇ ಅವಸರದಿಂದ. ಪಕ್ಕದ ಬಿಲದ ಗಂಡಿನ ಮುಂದೆ ಹಾಯಿ ಸೆಟೆಸಿ ಮೆರೆಯುತ್ತ ಹಿಂದಕ್ಕೆ ಹಾರಿದವನು ನೇರ ಒಂದು ಬುಟ್ಟಿಗೆ ಬಿದ್ದೆ. ಅದು ತುಳಸು ಎಂಬ ಹೆಂಗಸಿನದು. ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ಕೆಸರಿಗಿಳಿದು ಬಳಚು, ಅಂದರೆ ಚಿಪ್ಪು, ಹೆಕ್ಕುವುದು ಆಕೆಯ ಕೆಲಸ. ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದವರು ಸುವರ್ಣಾ. ಆ ಕಡೆಯ ಸರ್ಕಾರಿ ಆಸ್ಪತ್ರೆಯ ನರ್ಸು, ಊರು ಧಾರವಾಡ. ತುಳಸುವಿನ ಸೊಸೆಗೆ ಚುಚ್ಚುಮದ್ದು ಹಾಕಲು ಬಂದಿದ್ದರು. ಅವರ ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ರಕ್ತದೊತ್ತಡ ಬೇರೆ. ಮನೆಯಲ್ಲಿ ಮೀನು ಸಾಕಿ, ನೋಡುತ್ತ ಕೂತರೆ ಮನಸ್ಸು ತಣ್ಣಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಾಜಿನ ತೊಟ್ಟಿ ತಂದು ಮೂರು ಬಂಗಾರದ ಮೀನು ಬಿಟ್ಟದ್ದೂ ಆಗಿತ್ತು. ಅಪ್ಪ ಹೊತ್ತುಗೊತ್ತಿಲ್ಲದೆ ಕಾಳು ಹಾಕಿ, ಗಾಜು ಬಡಿದು ಬಡಿದು ಒಂದೇ ತಿಂಗಳಲ್ಲಿ ಮೂರನ್ನೂ ಮುಗಿಸಿದ್ದರು. ಈ ಮೀನು ಸುಲಭಕ್ಕೆ ಸಾಯುವುದಿಲ್ಲ ಎಂದು ತುಳಸು ಅಂದದ್ದೇ ತಡ, ಸುವರ್ಣಾ ಕೈಚೀಲದಿಂದ ಊಟದ ಡಬ್ಬಿ ತೆಗೆದರು. ಮನಸ್ಸು ತಣ್ಣಗಾಗಲು ನನ್ನಂಥವನನ್ನು ಆರಿಸಿದ್ದು! ಊರಿಗೆಲ್ಲ ಔಷಧ ಕೊಡುವವರೂ ಇಂಥ ತಪ್ಪು ಮಾಡುತ್ತಾರೆ.

ಹೊಳೆಯ ನೀರನ್ನು ಎರಡು ಕ್ಯಾನಿನಲ್ಲಿ ತುಂಬಿಕೊಂಡು, ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆದು, ಸುವರ್ಣಾ ನನ್ನನ್ನು ಘಟ್ಟ ಹತ್ತಿಸಿದರು. ಮರುದಿನ ಡ್ಯೂಟಿ ಇತ್ತು. ಧಾರವಾಡದ ಮನೆಯ ಕಟ್ಟೆಯ ಮೇಲೆ ಡಬ್ಬಿ ಮತ್ತು ಕ್ಯಾನು ಇಟ್ಟು, ಈ ನೀರಲ್ಲೇ ಬಿಡು ಎಂದು ಅವ್ವನಿಗೆ ಹೇಳಿ, ಒಂದು ಲೋಟ ಚಹಾ ಕುಡಿದು ವಾಪಸು ಬಸ್ಸು ಹತ್ತಿದರು.

ಅವ್ವ ಎಂದರೆ ಕಾಶವ್ವ. ಗುಂಡಗಿನ ಮೈ, ಹಣೆಯಲ್ಲಿ ವಿಭೂತಿ, ನೋಯುವ ಮಂಡಿ. ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ಆ ಮನೆಯಲ್ಲಿ ಹೊಸ್ತಿಲಿನಿಂದ ಹಿತ್ತಲಿನವರೆಗೆ ಎಲ್ಲವನ್ನೂ ತೊಳೆಯುತ್ತಾರೆ. ಕ್ಯಾನಿನ ಬಿರಡೆ ತೆಗೆದು ಮೂಸಿದ ಕಾಶವ್ವನಿಗೆ ಆ ರಾಡಿ ನೀರನ್ನು ಹಬ್ಬದ ದಿನ ಮನೆಯೊಳಗೆ ತರಲು ಮನಸ್ಸು ಒಪ್ಪಲಿಲ್ಲ. ಬಂದ ಜೀವಕ್ಕೆ ಶುದ್ಧ ನೀರು ಕೊಡಬೇಕು ಎಂದುಕೊಂಡು ಎರಡೂ ಕ್ಯಾನನ್ನು ಅಂಗಳದ ದಾಸವಾಳದ ಬುಡಕ್ಕೆ ಸುರಿದರು. ತೊಟ್ಟಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದು, ನಲ್ಲಿಯ ಸಿಹಿನೀರನ್ನು ಅಂಚಿನತನಕ ತುಂಬಿ, ಕೈ ಮುಗಿದು ನನ್ನನ್ನು ಬಿಟ್ಟರು. ಅಲ್ಲಿ ಅಘನಾಶಿನಿಯಲ್ಲಿ ಆ ಹೊತ್ತಿಗೆ ದೊಡ್ಡ ಉಬ್ಬರ ಏರುತ್ತಿತ್ತು. ನನ್ನ ಮೈಗೆ ಅದು ಗೊತ್ತಿತ್ತು. ಇಲ್ಲಿ ನಿಂತ ನೀರು, ನೀಲಿ ಹರಳು, ಪ್ಲಾಸ್ಟಿಕ್ಕಿನ ಗಿಡ. ಕಾಲೂರಲು ಒಂದಂಗುಲ ದಂಡೆ ಇಲ್ಲ.

ಮಂಚದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದವರು ಶಿವಪುತ್ರಪ್ಪ ಮಾಸ್ತರರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಆಟದ ಮಾಸ್ತರಿಕೆ ಮಾಡಿ, ಖೋಖೋ ತಂಡಗಳನ್ನು ಕಟ್ಟಿ, ಸಾವಿರಾರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದವರು. ಪೀಪಿ ಇನ್ನೂ ಕೊರಳಲ್ಲೇ ಇತ್ತು. ಓಡಾಡುತ್ತಲೇ ಮುದುಕರಾದ ಮನುಷ್ಯ ಈಗ ಮಂಚ ಬಿಟ್ಟರೆ ಬಚ್ಚಲು, ಬಚ್ಚಲು ಬಿಟ್ಟರೆ ಮಂಚ. ಬಲಗಾಲು ಎಳೆದರೂ ಕೋಲೂರಿ ನಡೆಯಬಹುದಿತ್ತು, ಬಲಗೈ ಮಾತ್ರ ಮಡಿಲಲ್ಲಿ ಬೇರೆಯವರದೇನೋ ಎಂಬಂತೆ ಬಿದ್ದಿರುತ್ತಿತ್ತು. ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ತಂಬಿಗೆಯಲ್ಲಿ ನೀರು ಸುರಿಯುತ್ತ ಹೋದರೆ ಕೈ ಬಂದೀತು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಮಾಸ್ತರರು ಒಂದೇ ದಿನ ಮಾಡಿ, ಇದು ಹುಚ್ಚರ ಕೆಲಸ ಎಂದು ತಂಬಿಗೆಯನ್ನು ಗೋಡೆಗೆ ಎಸೆದಿದ್ದರು. ಆ ತಗ್ಗು ಬಿದ್ದ ಹಿತ್ತಾಳೆ ತಂಬಿಗೆ ಮಂಚದ ಕೆಳಗೆ ಉರುಳಿಕೊಂಡಿತ್ತು.

ನಾನು ಗಾಳಿಗೊಳವೆಯನ್ನು ತಬ್ಬಿ ಮೇಲೆ ಹತ್ತಿದೆ. ಮಾಸ್ತರರು ಕೋಲಿನಿಂದ ಕೆಳಗೆ ನೂಕಿದರು. ಮತ್ತೆ ಹತ್ತಿದೆ, ಮತ್ತೆ ನೂಕಿದರು. ಮೂರನೆಯ ಸಲಕ್ಕೆ ಪೀಪಿ ಊದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏ ಕಾಶಿ, ಈ ಮೀನಕ್ಕ ನೀರಂದ್ರ ಆಗಂಗಿಲ್ಲ ನೋಡ. ನಮ್ಮ ಸಾಲಿ ಹುಡುಗರ ಹಂಗ, ಒಳಗ ಹಾಕಿದ್ರ ಹೊರಗ ಬರತೈತಿ.”

ನಾಲ್ಕನೆಯ ದಿನ ನಾನು ಹೊರಗೇ ಹಾರಿದೆ. ಕಪಾಟಿನ ಕೆಳಗೆ ನುಗ್ಗಿ ಧೂಳಿನಲ್ಲಿ ಕುಂಟುತ್ತ ಬಾಗಿಲು ಹುಡುಕಿದೆ. ಮಾಸ್ತರರು ಮಂಚದಿಂದಿಳಿದು, ನೆಲಕ್ಕೆ ಕೂತು, ಕೋಲು ಆಡಿಸಿ ನನ್ನನ್ನು ಹೊರಗೆಳೆದರು. ತಾವಾಗಿಯೇ ಅವರು ನೆಲಕ್ಕಿಳಿದದ್ದು ಆ ತಿಂಗಳಲ್ಲಿ ಅದೇ ಮೊದಲು ಎಂದು ಕಾಶವ್ವ ಆಮೇಲೆ ಮಗಳಿಗೆ ಫೋನಿನಲ್ಲಿ ಹೇಳಿದರು. ನನಗೆ ಸಿಕ್ಕಿದ್ದು ಮುಚ್ಚಳ, ಅದರ ಮೇಲೆ ಖಾರ ಅರೆಯುವ ಗುಂಡುಕಲ್ಲು.

ಎಂಟು ದಿನದಲ್ಲಿ ನನ್ನ ಮೈ ಮೇಲೆ ಬಿಳಿ ಮಚ್ಚೆ ಎದ್ದವು. ರೆಕ್ಕೆ ಮುದುರಿತು. ಕಾಶವ್ವ ಅವಲಕ್ಕಿ ಹಾಕಿದರು, ಅನ್ನದ ಅಗುಳು ಹಾಕಿದರು, ಹೋಳಿಗೆಯ ಚೂರನ್ನೂ ಹಾಕಿದರು. ಆ ಪ್ರೀತಿಯೆಲ್ಲ ತಳದಲ್ಲಿ ಕೊಳೆಯಿತು. ನನಗೆ ಬೇಕಾದದ್ದು ಹುಳು. ಅವರದು ಮೊಟ್ಟೆಯನ್ನೂ ಮುಟ್ಟದ ಮನೆ. ನಾನು ಸಾಯುತ್ತೇನೆ ಎಂದು ನನಗೆ ಅನಿಸಿಬಿಟ್ಟಿತ್ತು. ಕೆಸರು ನೆನಪಾಗಿ ಬಹಳ ದುಃಖವಾಯಿತು.

ನನ್ನನ್ನು ಉಳಿಸಿದ್ದು ಆ ದಾಸವಾಳದ ಗಿಡ. ಪೂಜೆಗೆ ಹೂವು ಕೀಳಲು ಹೋದ ಕಾಶವ್ವ ನೋಡುತ್ತಾರೆ, ಎಲೆಯೆಲ್ಲ ಉದುರಿ ಗಿಡ ಒಣಗಿ ನಿಂತಿದೆ. ಬುಡದ ಮಣ್ಣಿನ ಮೇಲೆ ಬೆಳ್ಳಗೆ ಏನೋ ಕಟ್ಟಿದೆ. ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದರು. ಉಪ್ಪು. ಹೂವಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಬಂದು ನನ್ನ ಮುಂದೆ ನಿಂತರು. ತಾನು ಚೆಲ್ಲಿದ ನೀರು ಗಿಡವನ್ನು ಕೊಂದಿತು, ಚೆಲ್ಲಿದ್ದರಿಂದಲೇ ಈ ಜೀವ ಸಾಯುತ್ತಿದೆ ಎಂಬುದು ಅವರಿಗೆ ಹೊಳೆದುಹೋಯಿತು.

“ತಪ್ಪಾತಪಾ,” ಎಂದರು ನನಗೆ. “ನಿನ್ನ ಸಮುದ್ರ ನಾ ಎಲ್ಲಿ ಕಂಡೀನಿ?”

ನಿಜ. ಗಂಡ ಹೆಂಡಿರಿಬ್ಬರೂ ಸಮುದ್ರ ಕಂಡವರಲ್ಲ. ಅಂದೇ ಸುವರ್ಣಾಗೆ ಫೋನು ಹೋಯಿತು. ಸುವರ್ಣಾ ಸಂಜೆ ತುಳಸುವಿನ ಮನೆಗೆ ಹೋಗಿ, ಫೋನನ್ನು ಆಕೆಯ ಬಾಯಿಗೇ ಹಿಡಿದರು. ಇಲ್ಲಿ ಮಂಚದ ಮೇಲೆ ಫೋನಿಟ್ಟುಕೊಂಡು ಮಾಸ್ತರರೂ ಕೇಳಿಸಿಕೊಂಡರು.

“ಅಮಾ, ಅದು ಮುಳುಗಿ ಇರೂ ಮೀನಲ್ಲ,” ಎಂದಳು ತುಳಸು. “ಮಣ್ಣಲ್ಲಿ ದಂಡೆ ಮಾಡಿ ಕೊಡಿ. ಉಪ್ಪು ನೀರು ಬೇಕು. ಮತ್ತೆ ನೀರು ಬರ್ಬೇಕು, ಹೋಗ್ಬೇಕು. ನಿಂತ ನೀರು ಅದ್ರ ಜೀವ ತೆಗೀತದೆ.”

ಎಷ್ಟು ಗಂಟೆಗೆ ಬರಬೇಕು ಎಂದು ಮಾಸ್ತರರು ಕೇಳಿದರು. ದಿನಕ್ಕೆ ಎರಡು ಸಲ, ಆದರೆ ಹೊತ್ತು ದಿನಾ ಹಿಂದಾಗುತ್ತ ಹೋಗುತ್ತದೆ ಎಂದು ತುಳಸು ಹೇಳಿದಳು. ಮೂವತ್ತೊಂದು ವರ್ಷ ಗಂಟೆ ಬಾರಿಸಿ ಬದುಕಿದ ಮನುಷ್ಯನಿಗೆ ಇದು ಸೇರಲಿಲ್ಲ.

“ಅದೆಂಥಾ ಸಮುದ್ರವಾ, ಒಂದು ಟಾಯಮ್ಮಿಲ್ಲ ಏನಿಲ್ಲ,” ಎಂದು ಗೊಣಗಿದರು.

ಮೂರು ದಿನದಲ್ಲಿ ಬಸ್ಸಿನ ಮೇಲೆ ಕಡಲಂಚಿನ ಸಾಣಿಕಟ್ಟೆಯ ಹರಳುಪ್ಪಿನ ಚೀಲವೂ ಒಂದು ಬುಟ್ಟಿ ಕೆಸರೂ ಬಂದವು. ಧಾರವಾಡದಲ್ಲಿ ನಲ್ಲಿ ದಿನಾ ಬರುವುದಿಲ್ಲ. ಹಂಡೆಯಲ್ಲಿ ಹಿಡಿದಿಟ್ಟ ನೀರು ನಾಲ್ಕು ದಿನ ನಿಂತು, ಶುದ್ಧಿಗೆಂದು ಹಾಕಿದ ಔಷಧದ ವಾಸನೆ ಕಳೆದುಕೊಂಡಿರುತ್ತದೆ. ಅದೂ ನನ್ನ ಪುಣ್ಯ. ಕಾಶವ್ವ ಅಳತೆಗಿಳತೆ ನೋಡಲಿಲ್ಲ. ಉಪ್ಪು ಕದಡಿ ನಾಲಿಗೆಗೆ ಹಚ್ಚಿ, ಸಾರಿನ ಹದಕ್ಕೆ ತಂದು ನಿಲ್ಲಿಸಿದರು. ನನ್ನ ಹೊಳೆಯ ನೀರು ಹೆಚ್ಚುಕಡಿಮೆ ಅದೇ ರುಚಿ! ಒಂದು ಬದಿಗೆ ಕೆಸರು ಮರಳು ಮೆತ್ತಿ ದಂಡೆ ಕಟ್ಟಿದರು. ಊಟಕ್ಕೂ ಒಂದು ದಾರಿ ಹುಡುಕಿದರು. ದಂಡೆಯ ಮೇಲೊಂದು ಬೆಲ್ಲದ ಚೂರು ಇಟ್ಟು, ಮುಚ್ಚಳವನ್ನು ತುಸು ಸರಿಸಿ, ಅಡಿಗೆಮನೆಗೆ ಹೋಗಿಬಿಡುವುದು. ಇರುವೆ ಬಂದವು, ನೊಣ ಬಂದವು. ಜೋಳ ಕೇರಿದಾಗ ಉದುರುವ ನುಸಿಯನ್ನು ಮೊದಲು ಅಂಗಳಕ್ಕೆ ಚೆಲ್ಲುತ್ತಿದ್ದವರು ಈಗ ಮೊರವನ್ನು ನನ್ನ ಪಕ್ಕದಲ್ಲೇ ಕೊಡವತೊಡಗಿದರು.

“ನಾ ಏನೂ ಕೊಂದಿಲ್ಲವಾ,” ಎಂದು ಮಗಳಿಗೆ ಹೇಳಿದರು. “ಬೆಲ್ಲ ಇಟ್ಟೀನಿ. ಬಂದವರು ಬಂದಾರ, ತಿಂದವರು ತಿಂದಾರ.”

ಉಳಿದದ್ದು ನೀರು ಬಂದು ಹೋಗುವ ಕೆಲಸ. ಕಾಶವ್ವನ ಮಂಡಿಗೆ ಅದು ಆಗದು. ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟು, ಮಂಚದ ಕೆಳಗಿನ ತಂಬಿಗೆಯನ್ನು ಹೊರಗೆಳೆದು, ಒರೆಸಿ ಗಂಡನ ಮುಂದಿಟ್ಟರು. ಮೂವತ್ತು ತಂಬಿಗೆ ಹೊಯ್ದರೆ ನೀರು ದಂಡೆಯ ಹೆಗಲಿಗೆ ಬರುತ್ತದೆ, ಮೂವತ್ತು ತೆಗೆದರೆ ಇಳಿಯುತ್ತದೆ. ಮಾಸ್ತರರು ಮುಖ ತಿರುಗಿಸಿದರು. ನಾನು ಗಾಜಿಗೆ ಎದೆ ಹಚ್ಚಿ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರು ಎಡಗೈಯಲ್ಲಿ ತಂಬಿಗೆ ಎತ್ತಿಕೊಂಡರು. ಕಾಶವ್ವ ಅಲ್ಲೇ ತಡೆದರು.

“ಎಡಗೈಲೆ ಬ್ಯಾಡ್ರಿ. ದೇವರಿಗೆ ನೀಡೂದು, ಊಟಕ್ಕ ಬಡಸೂದು, ಮಂದಿಗೆ ಕೊಡೂದು, ಎಲ್ಲಾ ಬಲಗೈಲೆನ. ಎಡಗೈಲೆ ಕೊಟ್ಟದ್ದನ್ನ ಮೀನಾ ಆದ್ರೂ ಯಾಕ ತಗೋಬೇಕು?”

ಇದು ಉಪಾಯವೋ ನಿಜವಾದ ನಂಬಿಕೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಾಸ್ತರರು ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ತಂಬಿಗೆಯ ಕೊರಳಿಗೆ ಸುತ್ತಿದರು. ಮೊದಲ ತಂಬಿಗೆ ನೆಲಕ್ಕೆ ಹೋಯಿತು. ಎರಡನೆಯದು ಅವರ ಧೋತರಕ್ಕೆ. ಮೂರನೆಯದು ತಂಬಿಗೆಯ ಸಮೇತ ತೊಟ್ಟಿಗೇ ಬಿತ್ತು. ನಾನು ಪಕ್ಕಕ್ಕೆ ಹಾರಿ ಬದುಕಿದೆ. ಮಾಸ್ತರರು ಗೋಡೆಯ ಕಡೆ ತಿರುಗಿ ಅತ್ತರು. ಕಾಶವ್ವ ತಂಬಿಗೆಯನ್ನು ನೀರಿನಿಂದ ಎತ್ತಿ ಮತ್ತೆ ಅವರ ಪಕ್ಕ ಇಟ್ಟು ಹೋದರು. ಮರುದಿನ ಏಳು ತಂಬಿಗೆ ನನ್ನ ತನಕ ಬಂದವು. ಅಷ್ಟಕ್ಕೇ ನನ್ನ ಮೈ ಝುಮ್ಮೆಂದಿತು. ನೀರು ಏರುತ್ತಿತ್ತು, ಸ್ವಾಮೀ, ನೀರು ಏರುತ್ತಿತ್ತು!

ಹೀಗೆ ನಮ್ಮ ಸಂಸಾರ ನಡೆಯಿತು. ಅವರ ಉಬ್ಬರಕ್ಕೆ ಗಂಟೆ ಗಳಿಗೆ ಇರಲಿಲ್ಲ. ಒಂದು ದಿನ ಭುಜ ನೋವು, ಒಂದು ದಿನ ಹೆಂಡತಿಯೊಡನೆ ಜಗಳ, ಒಂದು ದಿನ ಹಳೆಯ ಶಿಷ್ಯ ಬಂದು ಹರಟೆ. ಏಳಕ್ಕೆ ಬರಬೇಕಾದದ್ದು ಎಂಟಕ್ಕೆ, ಎಂಟರದ್ದು ಒಂಬತ್ತಕ್ಕೆ. ಅಷ್ಟು ಶಿಸ್ತಿನ ಮನುಷ್ಯ ಹೊತ್ತು ತಪ್ಪಿದ್ದಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ನಾನು ಮಾತ್ರ ಮಚ್ಚೆ ಮಾಸಿ, ಹಾಯಿ ಸೆಟೆಸಿ ದಂಡೆಯ ಮೇಲೆ ಠಳಾಯಿಸುತ್ತಿದ್ದೆ. ಅಮಾವಾಸ್ಯೆಗೆ ತೊಟ್ಟಿ ತೊಳೆಯುವುದನ್ನು ಕಾಶವ್ವ ಬಿಟ್ಟರು. ಅಂದು ನನಗೆ ಹತ್ತು ತಂಬಿಗೆ ಹೆಚ್ಚು. ಚಡಪಡಿಕೆ ಇಬ್ಬರಿಗೂ ಹೋಗಲಿಲ್ಲ. ಅವರು ಕೋಲೂರಿ ಕೋಣೆಯಲ್ಲಿ ಆ ತುದಿಯಿಂದ ಈ ತುದಿಗೆ ಹೋದರೆ ನಾನು ಗಾಜಿನುದ್ದಕ್ಕೂ ಅವರ ಜೊತೆ ಹೋಗುತ್ತಿದ್ದೆ.

ಒಂದೂವರೆ ವರ್ಷದಲ್ಲಿ ಆ ಕೈ ತುತ್ತು ಕಲಸಿತು, ಗುಂಡಿ ಹಾಕಿತು, ಪೀಪಿ ಹಿಡಿಯಿತು. ಅದನ್ನು ನೋಡಿ ಹಳೆಯ ಶಾಲೆಯವರು ಖೋಖೋ ತಂಡವನ್ನು ತಯಾರು ಮಾಡಿಕೊಡಿ ಎಂದು ಕೇಳಿಕೊಂಡರು. ಮಾಸ್ತರರು ಮದುವಣಿಗನಂತೆ ಬಿಳಿ ಬೂಟು ಹಾಕಿಕೊಂಡು ಹೊರಟರು. ನನ್ನ ಗತಿ? ಸುವರ್ಣಾ ಒಂದು ಸಣ್ಣ ಮೋಟಾರು ತಂದು ಹಾಕಿಸಿದರು. ಮೇಲಿನ ಬಕೆಟ್ಟಿನಿಂದ ನೀರು ತಾನಾಗಿ ಇಳಿಯುತ್ತಿರುತ್ತದೆ. ಗಡಿಯಾರ ನೋಡಿಕೊಂಡು ಮೋಟಾರು ಅದನ್ನು ಎತ್ತಿ ವಾಪಸು ಹಾಕುತ್ತದೆ. ಏಳೆಂದರೆ ಏಳು, ಐದೆಂದರೆ ಐದು. ಒಂದು ನಿಮಿಷ ಹಿಂದೆ ಮುಂದೆ ಇಲ್ಲ. ಮಾಸ್ತರರು ತಲೆದೂಗಿ ಮೆಚ್ಚಿದರು.

ನನಗೆ ಹತ್ತು ದಿನಕ್ಕೇ ತಲೆ ಕೆಟ್ಟಿತು. ಮೈ ಒಂದು ಹೊತ್ತು ಹೇಳುತ್ತಿತ್ತು, ನೀರು ಇನ್ನೊಂದು ಹೊತ್ತಿಗೆ ಬರುತ್ತಿತ್ತು. ದಂಡೆ ತೋಡಿದೆ, ಗಾಜಿಗೆ ಹಾರಿ ಮೂತಿ ಕೆತ್ತಿಸಿಕೊಂಡೆ, ಬೆಲ್ಲಕ್ಕೆ ಬಂದ ನೊಣವನ್ನೂ ಸುಮ್ಮನೆ ನೋಡಿದೆ. ಮಾಸ್ತರರು ಬರುತ್ತಾರೆಂದು ಬಾಗಿಲ ಕಡೆ ಕಣ್ಣಿಟ್ಟು ಕೂರುತ್ತಿದ್ದೆ. ಅವರು ಬರುತ್ತಿದ್ದರು, ಬೂಟು ಬಿಚ್ಚುತ್ತಿದ್ದರು, ಮಕ್ಕಳ ಸುದ್ದಿ ಹೇಳುತ್ತ ಉಣ್ಣುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಕೈ ಬಂತು, ನಾನು ಬೇಡವಾದೆ ಎಂದೇ ತಿಳಿದೆ.

ಬೇಸಿಗೆಯ ಒಂದು ಮಧ್ಯಾಹ್ನ ಕಾಶವ್ವ ಮುಚ್ಚಳ ಪೂರ್ತಿ ಮುಚ್ಚಿ ಮಠಕ್ಕೆ ಹೋಗಿದ್ದರು. ಕರೆಂಟು ಹೋಯಿತು. ಮೋಟಾರು ನಿಂತಿತು, ಮೇಲಿನ ನೀರು ಮಾತ್ರ ಇಳಿಯುತ್ತಲೇ ಇತ್ತು. ದಂಡೆ ಮುಳುಗಿತು. ನಾನು ಕೊಳವೆ ಹತ್ತಿದೆ, ಅದೂ ಮುಳುಗಿತು. ಮುಚ್ಚಳದ ಕೆಳಗೆ ಒಂದು ಬೆರಳಿನಷ್ಟು ಗಾಳಿ ಉಳಿಯಿತು, ಆಮೇಲೆ ಅರ್ಧ ಬೆರಳು. ಮೇಲೆ ಆ ಗುಂಡುಕಲ್ಲು. ಮೂತಿಯನ್ನು ಮುಚ್ಚಳಕ್ಕೆ ಒತ್ತಿ ಉಸಿರು ಎಳೆಯುತ್ತ ಎಷ್ಟು ಹೊತ್ತು ಜೋತುಬಿದ್ದಿದ್ದೆನೋ ತಿಳಿಯದು. ಹಿಡಿತ ಸಡಿಲಾಗತೊಡಗಿತ್ತು.

ಬೂಟಿನ ಸದ್ದಾಯಿತು. ಮಾಸ್ತರರು ಕಂಡವರೇ ಕೋಲು ಬಿಸಾಡಿದರು. ಎಡಗೈ ಗೋಡೆಗೆ ಊರಿ, ಬಲಗೈಯಿಂದ ಆ ಕಲ್ಲನ್ನು ಎತ್ತಿದರು. ತಂಬಿಗೆಗಿಂತ ಹೆಚ್ಚಿನದನ್ನು ಆ ಕೈ ಅಲ್ಲಿಯವರೆಗೆ ಎತ್ತಿರಲಿಲ್ಲ. ಕಲ್ಲು ಬಿದ್ದು ನೆಲದ ಫರಸಿಕಲ್ಲು ಒಡೆಯಿತು. ಮುಚ್ಚಳ ತೆಗೆದು, ತಂಬಿಗೆ ಹುಡುಕಲೂ ನಿಲ್ಲದೆ, ಬರಿಗೈಯನ್ನೇ ನೀರಿಗೆ ಹಾಕಿ ಅಂಗೈಯ ಮೇಲೆ ನನ್ನನ್ನು ಎತ್ತಿ ಹಿಡಿದರು. ಯಾರ ಕೈ ಕಂಡರೂ ಹಾರುವವನು ನಾನು. ಅವತ್ತು ಹಾರಲಿಲ್ಲ. ಆ ಅಂಗೈ ಬೆಚ್ಚಗಿತ್ತು. ದಂಡೆಯ ಮೇಲೆ ಕೂತ ಹಾಗೆ ಕೂತೆ.

“ಇರು, ಇರು,” ಎಂದರು ಮಾಸ್ತರರು. “ನಾ ಬಂದೀನಿ.”

ಅಂದು ಸಂಜೆಯೇ ಮೋಟಾರು ಅಟ್ಟ ಸೇರಿತು. ಸುವರ್ಣಾ ಫೋನಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ. ಬೆಳಗ್ಗೆ ಮೈದಾನಕ್ಕೆ ಹೋಗುವ ಮುಂಚೆ ಮೂವತ್ತು ತಂಬಿಗೆ ಹೊಯ್ಯುವುದು, ಬಂದ ಮೇಲೆ ಮೂವತ್ತು ತೆಗೆಯುವುದು. ಮತ್ತೆ ಮೊದಲಿನ ಹಾಗೆ ಹೊತ್ತು ತಪ್ಪುವುದು, ಮೊದಲಿನ ಹಾಗೆ ಬೈದುಕೊಳ್ಳುವುದು.

ಈಗ ನನಗೆ ಐದು ವರ್ಷ ದಾಟಿದೆ. ನಮ್ಮ ಪಂಗಡಕ್ಕೆ ಇದು ಮುಪ್ಪು. ಹಾಯಿಯ ಅಂಚು ಹರಿದಿದೆ, ನೊಣ ಹಿಡಿಯಲು ಎರಡು ಸಲ ಹಾರಬೇಕು. ಮಾಸ್ತರರಿಗೂ ಮೈದಾನ ಬಿಟ್ಟುಹೋಗಿದೆ. ಬಲಗೈಗೆ ಈಗ ಬೇರೆ ನಡುಕ, ವಯಸ್ಸಿನದು. ತಂಬಿಗೆ ಹಿಡಿದರೆ ನೀರು ಒಂದೇ ಧಾರೆಯಾಗಿ ಬೀಳುವುದಿಲ್ಲ, ತುಳುಕಿ ತುಳುಕಿ ಬೀಳುತ್ತದೆ. ಅದರಿಂದ ತೊಟ್ಟಿಯಲ್ಲಿ ಸಣ್ಣ ತೆರೆ ಏಳುತ್ತದೆ. ಕಾಶವ್ವ ಈಚೆಗೆ ಎರಡು ಸಲ ಮೋಟಾರಿನ ಮಾತು ತೆಗೆದು, ಅವರ ಮುಖ ನೋಡಿ ಅಲ್ಲಿಗೇ ಕೈಬಿಟ್ಟರು. ಡಾಕ್ಟರು ಹೇಳಿದ ಹಾಗೆ ಯಾರ ಮನಸ್ಸೂ ತಣ್ಣಗಾಗಲಿಲ್ಲ. ಮಾಸ್ತರರ ರಕ್ತದೊತ್ತಡ ಮೊದಲಿನಷ್ಟೇ ಇದೆಯಂತೆ. ಹೊಳೆಯಲ್ಲಿ ನೀರು ಎಲ್ಲರಿಗೂ ಬರುತ್ತಿತ್ತು, ನಾನು ಇದ್ದರೂ ಬರುತ್ತಿತ್ತು, ಇಲ್ಲದಿದ್ದರೂ ಬರುತ್ತಿತ್ತು. ಇಲ್ಲಿ ಬರುವ ನೀರು ನನಗಾಗಿಯೇ ಬರುತ್ತದೆ. ಕಾಂಡ್ಲಾ ಬೇರಿನ ಆಸೆ ಹೋಗಿಲ್ಲ, ಸುಳ್ಳೇಕೆ ಹೇಳಲಿ? ಆದರೂ ಇದು ಸಣ್ಣ ಸಂಗತಿಯಲ್ಲ.

ಇವತ್ತು ಅಮಾವಾಸ್ಯೆ. ಹತ್ತು ತಂಬಿಗೆ ಹೆಚ್ಚು ಬರುವ ದಿನ. ನಿನ್ನೆ ಮಾಸ್ತರರು ಒಂಬತ್ತಕ್ಕೆ ಬಂದಿದ್ದರು, ಈಗ ಹತ್ತಾಗುತ್ತ ಬಂತು. ಒಳಕೋಣೆಯಲ್ಲಿ ಕಾಶವ್ವ ಅವರನ್ನು ಮೆಲ್ಲಗೆ ಏಳಿಸುತ್ತಿದ್ದಾರೆ. ಕೆಮ್ಮು ಕೇಳಿಸುತ್ತಿದೆ. ತಡವಾಯಿತು, ತಡವಾಯಿತು ಎಂದು ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ. ತಡವಾಗಿಲ್ಲ ಮಾಸ್ತರ, ಸಮುದ್ರವೂ ದಿನಾ ಇಷ್ಟೇ ತಡ ಮಾಡಿ ಬರುತ್ತಿತ್ತು. ಅದನ್ನು ನಿಮಗೆ ಹೇಳಲು ನನಗೆ ಬಾಯಿಲ್ಲ. ಕೋಲಿನ ಸದ್ದು ಹೊಸ್ತಿಲ ತನಕ ಬಂತು. ನಾನು ದಂಡೆ ಹತ್ತಿ ಕೂತಿದ್ದೇನೆ.